ಆಸ್ಪತ್ರೆಗೆ ಬಂದ ಹುಡುಗಿಯನ್ನು ಯಾರಿಗೋಸ್ಕರ ನೋಡಿದರು?

ಹೋದ ವಾರದ ವಿಡಿಯೋದ ಬರಹ ರೂಪ ಇದು. ಅಲ್ಲಿ ಸಮಯ ಸಾಲದೆ ಬಿಟ್ಟದ್ದನ್ನು ಇಲ್ಲಿ ಸೇರಿಸಿದ್ದೇನೆ, ಹಾಗಾಗಿ ಕೇಳಿದವರಿಗೂ ಓದೋಕೆ ಸ್ವಲ್ಪ ಹೊಸದು ಸಿಗುತ್ತೆ. ವಿಷಯ ಭಾರವಾದದ್ದು. ಮಾರಾಟವಾದ, ಊರಿಂದ ಊರಿಗೆ ಸಾಗಿಸಿದ ಮಕ್ಕಳು ಆಸ್ಪತ್ರೆಗೆ ಬಂದಾಗ ಅಲ್ಲಿನ ಡಾಕ್ಟರು, ಸಿಸ್ಟರು, ಮಾವಶಿಯರು ಅವರನ್ನು ಗುರುತಿಸೋದು ಹೇಗೆ, ಆ ಕಲಿಕೆ ನಮ್ಮಲ್ಲಿ ಇಷ್ಟು ತಡವಾಗಿ ಯಾಕೆ ಶುರುವಾಯ್ತು ಅನ್ನೋದು.

ಮೊದಲು ಒಂದು ಅಂಕಿ. 2014ರಲ್ಲಿ ಅಮೆರಿಕದ ಲಾರಾ ಲೆಡರರ್ ಮತ್ತು ಕ್ರಿಸ್ಟೋಫರ್ ವೆಟ್ಜೆಲ್ ಅನ್ನೋ ಇಬ್ಬರು ಸಂಶೋಧಕರು ಲೈಂಗಿಕ ಸಾಗಣೆಯಿಂದ ಪಾರಾಗಿ ಬಂದ ಸುಮಾರು ನೂರು ಹೆಂಗಸರ ಅನುಭವವನ್ನು ದಾಖಲಿಸಿ ಒಂದು ಲೇಖನ ಪ್ರಕಟಿಸಿದರು. ಉತ್ತರ ಕೊಟ್ಟವರಲ್ಲಿ ಸುಮಾರು 88% ಜನ, ಸೆರೆಯಲ್ಲಿದ್ದ ಕಾಲದಲ್ಲೇ ಒಮ್ಮೆಯಾದರೂ ಡಾಕ್ಟರ ಹತ್ತಿರವೋ ಆಸ್ಪತ್ರೆಗೋ ಹೋಗಿ ಬಂದಿದ್ದರು. ಸಣ್ಣ ಸಮೀಕ್ಷೆ, ಬೇರೆ ದೇಶದ್ದು. ಆ ಅಂಕಿಯನ್ನು ಎತ್ತಿ ಹಾಗೇ ಪುಣೆಗೆ ಹಚ್ಚೋಕೆ ಬರೋಲ್ಲ. ಆದರೆ ಅದು ಹೇಳೋ ಮಾತು ದೇಶ ಬಿಟ್ಟು ದೇಶಕ್ಕೂ ನಿಲ್ಲುತ್ತೆ: ಪೊಲೀಸರಿಗೆ ಕಾಣದ ಹುಡುಗಿ ಆಸ್ಪತ್ರೆಗೆ ಕಂಡಿರುತ್ತಾಳೆ. ಜ್ವರ, ಸುಟ್ಟ ಗಾಯ, ಗರ್ಭ, ಮುರಿದ ಮುಂಗೈ, ಏನೋ ಒಂದು ಅವಳನ್ನು ಅಲ್ಲಿಗೆ ತಂದಿರುತ್ತೆ.

ನಾನಿರೋದು ಹಡಪಸರದಲ್ಲಿ. ಊರು ಅಥಣಿ ಕಡೆ. ಎಂಟೆಕ್ ಮುಗಿಸಿ ಕೆಲಸಕ್ಕೆ ಅಂತ ಬಂದವನು, ಈಗ ಮಗರಪಟ್ಟಾದ ಒಂದು ಕಚೇರಿಯಲ್ಲಿ ಕೂತು ಆಸ್ಪತ್ರೆಗಳ ನೋಂದಣಿ ಸಾಫ್ಟ್‌ವೇರ್ ಬರೆಯೋದು ನನ್ನ ಹೊಟ್ಟೆಪಾಡು. ಕೇಸ್ ಪೇಪರ್ ಮಾಡಿಸುವಾಗ ಕೌಂಟರಿನವರು ನೋಡ್ತಾ ಇರ್ತಾರಲ್ಲ, ಆ ಪರದೆ. ಹೆಸರು, ವಯಸ್ಸು, ಫೋನ್ ನಂಬರ್, ಜೊತೆಗೆ ಬಂದವರು ಯಾರು, ಸಂಬಂಧ ಏನು. ಸಂಬಂಧದ ಜಾಗ ಒತ್ತಿದರೆ ಒಂದು ಪಟ್ಟಿ ಬಿಚ್ಚಿಕೊಳ್ಳುತ್ತೆ: ತಂದೆ, ತಾಯಿ, ಗಂಡ, ಅಣ್ಣ, ಮಾವ, ಇತರೆ. ರೋಗಿ ಮಗುವಾಗಿದ್ದರೆ ಈ ಉತ್ತರ ಕೊಡೋರು ಜೊತೆಗೆ ಬಂದವರೇ. ಮಗುವನ್ನೇ ಬೇರೆ ಕೇಳಿ ತುಂಬಿಸಬೇಕು ಅಂತ ನಾನು ನೋಡಿದ ಯಾವ ಬೇಡಿಕೆ ಪಟ್ಟಿಯಲ್ಲೂ ಇರಲಿಲ್ಲ. ಈ ಸಣ್ಣ ಸಂಗತಿ ತಲೆ ಕೊರೆಯೋಕೆ ಶುರುವಾಗಿ ನಾನು ಹಳೇ ಕಾಲಕ್ಕೆ ಹೋದೆ.

ಹೆಚ್ಚು ದೂರ ಹೋಗಬೇಕಾಗಲಿಲ್ಲ. ಹಡಪಸರದಿಂದ ಸೋಲಾಪುರ ರಸ್ತೆ ಹಿಡಿದು ಪಶ್ಚಿಮಕ್ಕೆ ಹೋದರೆ ರೇಸ್ ಕೋರ್ಸ್ ದಾಟಿದ ಮೇಲೆ ಕ್ಯಾಂಪ್ ಸಿಗುತ್ತೆ, ಅಂದ್ರೆ ಬ್ರಿಟಿಷರ ದಂಡು ಪ್ರದೇಶ. ಪುಣೆ ಸ್ಟೇಷನ್ ಹತ್ತಿರದ ಸಸೂನ್ ಆಸ್ಪತ್ರೆ ಡೇವಿಡ್ ಸಸೂನರ ದಾನದಿಂದ ಎದ್ದು 1867ರಲ್ಲಿ ಶುರುವಾಯ್ತು. ಅದರ ಮರುವರ್ಷ, 1868ರಲ್ಲಿ, ಭಾರತಕ್ಕೆ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಹೆಸರು ಕೇಳಿ ಪ್ಲೇಗು, ಕಾಲರಾ ಅಂದುಕೊಳ್ಳಬೇಡಿ. ಅದು ಗುಪ್ತರೋಗಗಳ ಕಾಯ್ದೆ. ಗೋರಾ ಸಿಪಾಯಿಗಳು ಯುದ್ಧಕ್ಕಿಂತ ಹೆಚ್ಚಾಗಿ ಸಿಫಿಲಿಸ್ ಬಂದು ಹಾಸಿಗೆ ಹಿಡೀತಾ ಇದ್ದರು, ಸರ್ಕಾರಕ್ಕೆ ಅದೇ ಚಿಂತೆ. ಅದಕ್ಕೂ ಮೊದಲೇ, 1864ರ ಕಂಟೋನ್ಮೆಂಟ್ ಕಾಯ್ದೆಯ ಅಡಿಯಲ್ಲಿ, ದಂಡಿನ ಊರುಗಳಲ್ಲಿ ಲಾಕ್ ಹಾಸ್ಪಿಟಲ್ ಅನ್ನೋ ವ್ಯವಸ್ಥೆ ನಡೀತಾ ಇತ್ತು. ಪುಣೆ, ಖಡಕಿ, ಬೆಳಗಾವಿ, ಬೆಂಗಳೂರು, ಎಲ್ಲಾ ಕಡೆ. ಬೀಗ ಹಾಕಿದ ಆಸ್ಪತ್ರೆ ಅಂತ ಅರ್ಥ ಮಾಡಿಕೊಂಡರೆ ನಡೆದದ್ದಕ್ಕೆ ಏನೂ ದೂರವಿಲ್ಲ. ಹೆಸರಿನ ಮೂಲ ಮಾತ್ರ ಬೇರೆ, ಲಂಡನ್ನಿನ ಒಂದು ಹಳೇ ಕುಷ್ಠರೋಗಿಗಳ ಆಸ್ಪತ್ರೆಯಿಂದ ಬಂದದ್ದು.

ಅಲ್ಲಿ ನಡೀತಿದ್ದದ್ದು ಇಷ್ಟು. ಸಿಪಾಯಿಗಳಿಗೆ ಅಂತ ಇಟ್ಟ ಹೆಂಗಸರ ಹೆಸರು ರಿಜಿಸ್ಟರಿಗೆ ಸೇರುತ್ತಿತ್ತು. ಗೊತ್ತಾದ ದಿನಕ್ಕೆ ಬಂದು ಪರೀಕ್ಷೆ ಮಾಡಿಸಿಕೊಳ್ಳಬೇಕು. ಹುಣ್ಣು ಕಂಡರೆ ಒಳಗೆ ಹಾಕಿ ವಾಸಿಯಾಗೋ ತನಕ ಬಿಡುತ್ತಿರಲಿಲ್ಲ. ಬರದೇ ಹೋದರೆ ಶಿಕ್ಷೆ. ಪರೀಕ್ಷೆ ಸರ್ಜನ್‌ದು, ಕರೆದು ತರೋದು ದಾಯಿಯದು. ಈ ಸಿಬ್ಬಂದಿಗೆ ತರಬೇತಿ ಇರಲಿಲ್ಲ ಅನ್ನೋ ಹಾಗಿಲ್ಲ. ಕಣ್ಣು ಚೆನ್ನಾಗಿಯೇ ಪಳಗಿತ್ತು, ಆದರೆ ಹುಣ್ಣು ಹುಡುಕೋಕೆ. ಮುಂದೆ ಮಲಗಿದವಳು ಎಷ್ಟು ವರ್ಷದವಳು, ಯಾರು ತಂದುಬಿಟ್ಟರು ಅಂತ ಕೇಳೋದು ಆ ಕೆಲಸದ ಭಾಗವೇ ಆಗಿರಲಿಲ್ಲ. ಇದನ್ನು ಹೇಳೋವಾಗ ಒಂದನ್ನು ನೆನಪಿಡಿ: 1860ರ ದಂಡಸಂಹಿತೆಯ 372, 373ನೇ ಕಲಮುಗಳ ಪ್ರಕಾರ 16 ವರ್ಷದೊಳಗಿನವರನ್ನು ವೇಶ್ಯಾವೃತ್ತಿಗೆ ಮಾರೋದು, ಕೊಳ್ಳೋದು ಆಗಲೇ ಅಪರಾಧ. ಕಾನೂನು ಒಂದು ಕಪಾಟಿನಲ್ಲಿ, ಲಾಕ್ ಆಸ್ಪತ್ರೆಯ ರಿಜಿಸ್ಟರು ಇನ್ನೊಂದು ಕಪಾಟಿನಲ್ಲಿ.

1886ರ ಜೂನ್‌ನಲ್ಲಿ ಸೇನೆಯ ಮುಖ್ಯ ಕಚೇರಿಯಿಂದ ಒಂದು ಸುತ್ತೋಲೆ ಹೊರಟಿತು. ರೆಜಿಮೆಂಟಿನ ಬಜಾರುಗಳಲ್ಲಿ ಹೆಂಗಸರ ಸಂಖ್ಯೆ ಸಾಕಷ್ಟಿರಲಿ, ನೋಡೋಕೂ ಚೆನ್ನಾಗಿರಲಿ ಅಂತ ಅದರ ತಾತ್ಪರ್ಯ. ಅದು ಇಂಗ್ಲೆಂಡಿನಲ್ಲಿ ಬಯಲಾಗಿ ಗಲಾಟೆಯಾಯ್ತು, 1888ರಲ್ಲಿ ಕಾಯ್ದೆ ರದ್ದಾಯ್ತು. ರದ್ದಾದ ಮೇಲೂ ಪದ್ಧತಿ ನಿಂತಿರಲಿಲ್ಲ ಅಂತ ತೋರಿಸಿದವರು ಇಬ್ಬರು ಅಮೆರಿಕದ ಹೆಂಗಸರು, ಕೇಟ್ ಬುಶ್ನೆಲ್ ಮತ್ತು ಎಲಿಜಬೆತ್ ಆಂಡ್ರ್ಯೂ. 1891-92ರ ಹೊತ್ತಿಗೆ ಉತ್ತರ ಭಾರತದ ದಂಡುಗಳನ್ನು ಸುತ್ತಿ, ಚಕಲಾಗಳಿಗೆ, ಲಾಕ್ ಆಸ್ಪತ್ರೆಗಳಿಗೆ ಹೋಗಿ ಆ ಹೆಂಗಸರನ್ನೇ ಮಾತಾಡಿಸಿದರು. 1893ರಲ್ಲಿ ಲಂಡನ್ನಿನ ಸಮಿತಿಯ ಮುಂದೆ ಸಾಕ್ಷಿ ಹೇಳಿದರು. ಮೊದಲು ಅಲ್ಲಗಳೆದ ಮಾಜಿ ಸೇನಾಪತಿ ರಾಬರ್ಟ್ಸ್ ಆಮೇಲೆ ಕ್ಷಮೆ ಕೇಳಬೇಕಾಯ್ತು. ಬುಶ್ನೆಲ್ ಸ್ವತಃ ವೈದ್ಯೆ. ಇಲ್ಲಿ ನನಗೆ ದೊಡ್ಡದಾಗಿ ಕಾಣೋದು ಅವರು ನೋಡಿದ್ದಲ್ಲ, ಕೇಳಿದ್ದು.

ಇದೇ ಕಾಲಕ್ಕೆ ಇನ್ನೊಂದು ಘಟನೆ. ಅದು ಸಾಗಣೆಯ ಕತೆಯಲ್ಲ, ಬಾಲ್ಯವಿವಾಹದ್ದು. ಆದರೂ ಬಿಡೋಕಾಗಲ್ಲ. 1890ರಲ್ಲಿ ಕಲ್ಕತ್ತೆಯ ಫೂಲ್‌ಮಣಿ ದಾಸಿ ಅನ್ನೋ 10-11 ವರ್ಷದ ಹುಡುಗಿ, ವಯಸ್ಸಿನಲ್ಲಿ ಬಹಳ ದೊಡ್ಡವನಾದ ಗಂಡನ ಸಂಭೋಗದಿಂದ ರಕ್ತಸ್ರಾವವಾಗಿ ಸತ್ತಳು. ಆಗ ಸಮ್ಮತಿಯ ವಯಸ್ಸು 10, ಹಾಗಾಗಿ ಅತ್ಯಾಚಾರದ ಆರೋಪವೇ ನಿಲ್ಲಲಿಲ್ಲ. ಗಂಡನಿಗೆ ಆದದ್ದು ಒಂದು ವರ್ಷದ ಶಿಕ್ಷೆ. ಆ ವರ್ಷವೇ ಲಖನೌದ ಡಾ. ಮಾನೆಲ್ ಮ್ಯಾನ್ಸೆಲ್ ಮುಂದಾಳಾಗಿ, ಭಾರತದಲ್ಲಿ ಕೆಲಸ ಮಾಡುತ್ತಿದ್ದ 55 ಮಹಿಳಾ ವೈದ್ಯರು ವೈಸರಾಯರಿಗೆ ಒಂದು ಮನವಿ ಕಳಿಸಿದರು. ಮನವಿಯಲ್ಲಿ ಉಪದೇಶ ಕಡಿಮೆ. ತಾವು ಆಸ್ಪತ್ರೆಗಳಲ್ಲಿ ಕಣ್ಣಾರೆ ಕಂಡ 13 ಹುಡುಗಿಯರ ಪಟ್ಟಿ ಇತ್ತು: ವಯಸ್ಸು ಇಷ್ಟು, ಗಾಯ ಇಂಥದ್ದು, ಆಮೇಲೆ ಹೀಗಾಯ್ತು. 1891ರಲ್ಲಿ ಸಮ್ಮತಿಯ ವಯಸ್ಸು 12ಕ್ಕೆ ಏರಿತು. ನಮ್ಮ ಪುಣೆಯಲ್ಲಿ ತಿಲಕರು ಈ ಮಸೂದೆಯನ್ನು ಕಟುವಾಗಿ ವಿರೋಧಿಸಿದರು ಅನ್ನೋದು ಎಲ್ಲರಿಗೂ ಗೊತ್ತು, ಆ ಚರ್ಚೆ ಬಗ್ಗೆ ಪುಸ್ತಕಗಳೇ ಇವೆ. ಆ 13 ಸಾಲುಗಳ ಬಗ್ಗೆ ಮಾತ್ರ ಯಾರೂ ಹೆಚ್ಚು ಮಾತಾಡೋಲ್ಲ. ಆಸ್ಪತ್ರೆಯ ದಾಖಲೆ ದಂಡಿಗೋಸ್ಕರ ಅಲ್ಲದೆ ಹುಡುಗಿಯ ಪರವಾಗಿ ಮಾತಾಡಿದ ಒಂದು ಅಪರೂಪದ ಸಂದರ್ಭ ಅದು.

ಮದ್ರಾಸಿನ ಡಾ. ಮುತ್ತುಲಕ್ಷ್ಮಿ ರೆಡ್ಡಿ ಇದೇ ದಾರಿಯಲ್ಲಿ ಮುಂದೆ ಹೋದವರು. 1912ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಿಂದ ಹೊರಬಂದ ಅವರು ಶಾಸನಸಭೆ ಸೇರಿ ದೇವದಾಸಿ ಪದ್ಧತಿಯ ವಿರುದ್ಧ ಮಸೂದೆ ತಂದರು. 1930ರ ಸುಮಾರಿಗೆ, ಆ ಮನೆತನಗಳ ಕೆಲವು ಹುಡುಗಿಯರಿಗೆ ಯಾವ ಹಾಸ್ಟೆಲಿನಲ್ಲೂ ಜಾಗ ಸಿಗದಿದ್ದಾಗ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಅವ್ವೈ ಇಲ್ಲಂ ಹುಟ್ಟಿದ್ದು ಹಾಗೆ. ಅದಕ್ಕೂ ಮೊದಲೇ, 1909ರಲ್ಲಿ, ಮೈಸೂರು ಸಂಸ್ಥಾನ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತ್ತು. ನಮ್ಮ ಕಡೆಯ ಬೆಳಗಾವಿ, ಬಿಜಾಪುರ, ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿದ್ದವು. ಅಲ್ಲಿಗೆ ಕಾಯ್ದೆ ಬಂದದ್ದು 1934ರಲ್ಲಿ. ಅಂದ್ರೆ ಸವದತ್ತಿಗೂ ಪುಣೆಗೂ ಆಗ ಒಂದೇ ಸರ್ಕಾರ, ಒಂದೇ ಕಾನೂನು. ಹುಡುಗಿಯರು ಹೋಗುತ್ತಿದ್ದ ದಾರಿಯೂ ಒಂದೇ. 1956ರಲ್ಲಿ ರಾಜ್ಯಗಳು ಬೇರೆಯಾದವು, ದಾರಿ ಹಾಗೇ ಉಳೀತು. ಕರ್ನಾಟಕ 1982ರಲ್ಲಿ ತನ್ನದೇ ದೇವದಾಸಿ ನಿಷೇಧ ಕಾಯ್ದೆ ಮಾಡಿತು. ಇವತ್ತಿಗೂ ಪುಣೆಯ ಬುಧವಾರ ಪೇಟೆಯ ಓಣಿಗಳಲ್ಲಿ ನಮ್ಮ ಕಡೆಯ ಕನ್ನಡ ಕಿವಿಗೆ ಬೀಳುತ್ತೆ. ಅಪ್ಪಾ ಬಳವಂತ ಚೌಕಕ್ಕೆ ಪುಸ್ತಕ ಕೊಳ್ಳೋಕೆ ಹೋಗುವ ಕನ್ನಡದ ಹುಡುಗರಿಗೆ ಇದು ಗೊತ್ತು, ಯಾರೂ ಮನೇಲಿ ಹೇಳೋಲ್ಲ.

ಈಗ ಎಕ್ಸ್‌ರೇ ಕತೆ. ಇದನ್ನು ವಿಡಿಯೋದಲ್ಲಿ ಪೂರ್ತಿ ಬಿಟ್ಟಿದ್ದೆ.

1946ರಲ್ಲಿ ಅಮೆರಿಕದ ರೇಡಿಯಾಲಜಿಸ್ಟ್ ಜಾನ್ ಕ್ಯಾಫಿ ಆರು ಕೂಸುಗಳ ಬಗ್ಗೆ ಬರೆದ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿದೆ, ಜೊತೆಗೆ ಕೈಕಾಲಿನ ಮೂಳೆಗಳೂ ಮುರಿದಿವೆ, ಕಾರಣ ಹೇಳೋರಿಲ್ಲ. ಚಿತ್ರ ಕಣ್ಣೆದುರೇ ಇತ್ತು. ಆದರೂ ಮನೆಯವರೇ ಹೊಡೆದಿರಬಹುದು ಅನ್ನೋದನ್ನು ನಂಬೋಕೆ ವೈದ್ಯರ ಮನಸ್ಸು ಒಪ್ಪಲಿಲ್ಲ. 1962ರಲ್ಲಿ ಹೆನ್ರಿ ಕೆಂಪ್ ಮತ್ತು ಜೊತೆಯವರು 71 ಆಸ್ಪತ್ರೆಗಳನ್ನು ಕೇಳಿ, ಒಂದು ವರ್ಷದಲ್ಲಿ 302 ಮಕ್ಕಳು ಹೀಗೆ ಬಂದಿದ್ದರು, ಅದರಲ್ಲಿ 33 ಮಕ್ಕಳು ಸತ್ತರು ಅಂತ ಬರೆದರು, ಅದಕ್ಕೊಂದು ಹೆಸರನ್ನೂ ಕೊಟ್ಟರು. ಐದೇ ವರ್ಷದಲ್ಲಿ ಅಮೆರಿಕದ ಎಲ್ಲಾ ರಾಜ್ಯಗಳಲ್ಲೂ ಇಂಥದ್ದು ಕಂಡರೆ ವರದಿ ಮಾಡಲೇಬೇಕು ಅನ್ನೋ ಕಾನೂನು ಬಂತು. ಹದಿನಾರು ವರ್ಷ ಕಾಣದಿದ್ದದ್ದು ಹೆಸರು ಸಿಕ್ಕ ಕೂಡಲೇ ಕಂಡಿತು.

ನಮ್ಮಲ್ಲಿ ರಕ್ಷಣೆಯಾಗಿ ಬಂದ ಹುಡುಗಿಯ ವಿಷಯದಲ್ಲಿ ಕಾನೂನು ಎಕ್ಸ್‌ರೇಯನ್ನು ಕೇಳಿದ ಪ್ರಶ್ನೆ ಬೇರೆ: ವಯಸ್ಸೆಷ್ಟು? 1986ರಲ್ಲಿ ಅನೈತಿಕ ವ್ಯವಹಾರ ತಡೆ ಕಾಯ್ದೆಗೆ ಒಂದು ಉಪಕಲಮು ಸೇರಿಸಿ, ದಾಳಿಯಲ್ಲಿ ಸಿಕ್ಕವರನ್ನು ವೈದ್ಯರು ವಯಸ್ಸಿಗೆ, ಗಾಯಕ್ಕೆ, ಗುಪ್ತರೋಗಕ್ಕೆ ಪರೀಕ್ಷೆ ಮಾಡಬೇಕು ಅಂದರು. ಮೂಳೆ ನೋಡಿ ಹೇಳುವ ವಯಸ್ಸು ಎರಡು ವರ್ಷ ಆಚೆ ಈಚೆ ಆಗಬಹುದು ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿತ್ತು. ಹಾಗಾದ್ರೆ ಯೋಚಿಸಿ: ಎಕ್ಸ್‌ರೇ 18 ಅಂದರೆ ಅವಳು 16 ಕೂಡ ಇರಬಹುದು, 20 ಕೂಡ ಇರಬಹುದು. ಆ ಎರಡು ವರ್ಷದಲ್ಲಿ ಅವಳ ಜೀವನ ಪೂರ್ತಿ ಬೇರೆಯಾಗುತ್ತೆ. 1996ರ ಫೆಬ್ರುವರಿಯಲ್ಲಿ ಬಾಂಬೆ ಹೈಕೋರ್ಟಿನ ಆದೇಶದ ಮೇಲೆ ಪೊಲೀಸರು ಮುಂಬೈನ ವೇಶ್ಯಾಗೃಹಗಳಿಂದ 400ಕ್ಕೂ ಹೆಚ್ಚು ಹುಡುಗಿಯರನ್ನು ಹೊರತಂದಾಗ, ಅವರಲ್ಲಿ ಹೆಚ್ಚುಕಮ್ಮಿ ಅರ್ಧ ಜನ ನೇಪಾಳದವರು. ಅಷ್ಟು ಜನರ ಜೊತೆ ಅವರ ಭಾಷೆಯಲ್ಲಿ ಕೂತು ಮಾತಾಡೋಕೆ ವ್ಯವಸ್ಥೆ ಸಿದ್ಧವಿರಲಿಲ್ಲ.

ಅದೇ ಎಚ್‌ಐವಿಯ ಕಾಲ. 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಅವರ ತಂಡ ದೇಶದ ಮೊದಲ ಸೋಂಕು ಪತ್ತೆ ಮಾಡಿತು, 1992ರಲ್ಲಿ ನ್ಯಾಕೊ ಬಂತು. ಗುಪ್ತರೋಗ ಕ್ಲಿನಿಕ್ಕುಗಳಲ್ಲಿ ಬೇರೆ ಪರೀಕ್ಷೆಗೆ ತೆಗೆದ ರಕ್ತವನ್ನೇ ಹೆಸರು ತೆಗೆದುಹಾಕಿ ಎಚ್‌ಐವಿಗೂ ನೋಡಿ, ಎಷ್ಟು ಹರಡಿದೆ ಅಂತ ಲೆಕ್ಕ ಇಡುವ ಪದ್ಧತಿ ಇತ್ತು. ಹೆಸರಿಗೂ ಮಾದರಿಗೂ ಕೊಂಡಿ ಇರಬಾರದು ಅನ್ನೋದೇ ವಿನ್ಯಾಸ. ಎಂಜಿನಿಯರ್ ಆಗಿ ನಾನು ಅದನ್ನು ಮೆಚ್ಚುತ್ತೇನೆ, ಯಾಕಂದ್ರೆ ಹೆಸರು ಇಟ್ಟುಕೊಂಡಿದ್ದರೆ ಮತ್ತೆ ಲಾಕ್ ಆಸ್ಪತ್ರೆಯ ರಿಜಿಸ್ಟರೇ ಆಗುತ್ತಿತ್ತು. ಆದರೆ ಅದರ ಇನ್ನೊಂದು ಬದಿಯೂ ಇದೆ. ಆ ಲೆಕ್ಕದಲ್ಲಿ ಸೇರಿದ ಹುಡುಗಿಯೊಬ್ಬಳನ್ನು ತಿರುಗಿ ಹುಡುಕಿಕೊಂಡು ಹೋಗೋಕೆ ದಾರಿಯೇ ಇರಲಿಲ್ಲ.

ಪ್ರಶ್ನೆ ಬದಲಾಗೋಕೆ ಶುರುವಾದದ್ದು, ನನ್ನ ಲೆಕ್ಕದಲ್ಲಿ, 2000ದ ಸುಮಾರಿಗೆ, ಮುಂಬೈ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ. ಅದು ಮುನಿಸಿಪಾಲಿಟಿ ಆಸ್ಪತ್ರೆ. ಸೆಹತ್ ಅನ್ನೋ ಸಂಶೋಧನಾ ಸಂಸ್ಥೆ ಮತ್ತು ಮುಂಬೈ ಮಹಾನಗರ ಪಾಲಿಕೆ ಸೇರಿ ಅಲ್ಲಿ ದಿಲಾಸಾ ಅನ್ನೋ ಕೇಂದ್ರ ತೆರೆದರು. ದಿಲಾಸಾ ಅಂದ್ರೆ ಭರವಸೆ, ಸಮಾಧಾನ. ಅದು ಸಾಗಣೆಗೆ ಅಂತ ಕಟ್ಟಿದ್ದಲ್ಲ, ಮನೆಯಲ್ಲಿ ಹೊಡೆತ ತಿಂದ ಹೆಂಗಸರಿಗೆ ಅಂತ. ಕ್ಯಾಜುವಲ್ಟಿಯ ಎಂಎಲ್‌ಸಿ ರಿಜಿಸ್ಟರಿನಲ್ಲಿ ಬಿದ್ದು ಪೆಟ್ಟಾಯ್ತು, ತಪ್ಪಿ ವಿಷ ಕುಡಿದೆ ಅಂತ ಬರೆದಿರುತ್ತೆ. ಆ ಸಾಲಿನ ಹಿಂದೆ ಏನಿದೆ ಅಂತ ಕೇಳೋಕೆ ಸಿಬ್ಬಂದಿಗೆ ಕಲಿಸಿದರು. ಮುಖ್ಯ ಸಂಗತಿ ಏನಂದ್ರೆ ತರಬೇತಿ ಕೊಡೋಕೆ ಆಸ್ಪತ್ರೆಯ ಒಳಗಿನವರನ್ನೇ ತಯಾರು ಮಾಡಿದರು. ಹೊರಗಿನವರು ಒಂದು ದಿನ ಬಂದು ಸ್ಲೈಡ್ ತೋರಿಸಿ, ಊಟ ಹಾಕಿ ಹೋದರೆ ಮರುದಿನದಿಂದ ಏನೂ ಬದಲಾಗೋಲ್ಲ. ಈ ಮಾತು ಸಾಫ್ಟ್‌ವೇರ್ ಟ್ರೈನಿಂಗ್‌ಗೂ ಹೊಂದುತ್ತೆ ಬಿಡಿ. ಪಕ್ಕದ ವಾರ್ಡಿನ ಸಿಸ್ಟರೇ ಕಲಿಸಿದರೆ, ಅನುಮಾನ ಬಂದ ರಾತ್ರಿ ಅವರನ್ನೇ ಕೇಳಬಹುದು. ಆಮೇಲೆ ಈ ಮಾದರಿ ಮುಂಬೈನ ಬೇರೆ ಆಸ್ಪತ್ರೆಗಳಿಗೂ ಹೋಯ್ತು. ಬೆಂಗಳೂರಿನಲ್ಲಿ ಬ್ಯಾಪ್ಟಿಸ್ಟ್ ಆಸ್ಪತ್ರೆ ಮತ್ತು ಎನ್‌ಫೋಲ್ಡ್ ಸಂಸ್ಥೆ ಸೇರಿ, ದೌರ್ಜನ್ಯಕ್ಕೆ ಒಳಗಾದ ಮಗುವಿಗೆ ಚಿಕಿತ್ಸೆ, ಆಪ್ತಸಲಹೆ, ಕಾನೂನಿನ ನೆರವು ಒಂದೇ ಕಡೆ ಸಿಗುವ ಘಟಕ ನಡೆಸಿದರು.

ಕಾನೂನು 2012ರಿಂದ ಸರಸರ ಬದಲಾಯ್ತು. ಪೋಕ್ಸೊ ಜಾರಿಯಾದದ್ದು ಆ ವರ್ಷದ ನವೆಂಬರ್ 14ಕ್ಕೆ. ಅದರ 19ನೇ ಕಲಮಿನ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಅಂತ ತಿಳಿದವರು ಯಾರೇ ಆಗಲಿ ವರದಿ ಮಾಡಲೇಬೇಕು, ಮಾಡದಿದ್ದರೆ ಶಿಕ್ಷೆ. 2013ರ ತಿದ್ದುಪಡಿ ಸಾಗಣೆಗೆ ವಿಸ್ತಾರವಾದ ವ್ಯಾಖ್ಯೆ ಕೊಟ್ಟಿತು, ಖಾಸಗಿ ಆಸ್ಪತ್ರೆಯೂ ಅತ್ಯಾಚಾರಕ್ಕೆ ಒಳಗಾದವರಿಗೆ ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು ಅಂದಿತು. 2014ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆ ಮಾರ್ಗಸೂಚಿ ಹೊರಡಿಸಿ, ಪೊಲೀಸ್ ದೂರು ಇಲ್ಲದಿದ್ದರೂ ಚಿಕಿತ್ಸೆ ಕೊಡಿ, ಒಪ್ಪಿಗೆ ಕೇಳಿ, ಎರಡು ಬೆರಳಿನ ಪರೀಕ್ಷೆ ನಿಲ್ಲಿಸಿ ಅಂತ ಹೇಳಿತು.

ಪೋಕ್ಸೊದ 27ನೇ ಕಲಮು ನನಗೆ ಎಲ್ಲಕ್ಕಿಂತ ಇಷ್ಟ. ಪರೀಕ್ಷೆ ನಡೆಯುವಾಗ ಮಗುವಿನ ತಂದೆ ಅಥವಾ ತಾಯಿ, ಇಲ್ಲವೇ ಮಗು ನಂಬುವ ಇನ್ನೊಬ್ಬರು ಪಕ್ಕದಲ್ಲಿರಬೇಕು. ಅಂಥವರು ಇಲ್ಲದಿದ್ದರೆ ಆಸ್ಪತ್ರೆಯ ಮುಖ್ಯಸ್ಥರು ಒಬ್ಬ ಹೆಂಗಸನ್ನು ನೇಮಿಸಬೇಕು. ಕಾನೂನು "ಕರೆತಂದವರು" ಅನ್ನಲಿಲ್ಲ, "ಮಗು ನಂಬುವವರು" ಅಂತು. ನಮ್ಮ ಪರದೆಯ ಸಂಬಂಧದ ಪಟ್ಟಿಯಲ್ಲಿ ಈ ವ್ಯತ್ಯಾಸಕ್ಕೆ ಜಾಗವೇ ಇಲ್ಲ.

ಇನ್ನು ಸಿಬ್ಬಂದಿಗೆ ಕೊಡೋ ಲಕ್ಷಣಗಳ ಪಟ್ಟಿ. ಮಗುವಿನ ಬದಲು ಜೊತೆಗಾರರೇ ಉತ್ತರ ಕೊಡ್ತಾರೆ. ಇರೋ ವಿಳಾಸ ಮಗುವಿಗೆ ಗೊತ್ತಿಲ್ಲ. ಕಾಗದಪತ್ರ ಬೇರೆಯವರ ಕೈಲಿ. ಹೇಳಿದ ಕಾರಣಕ್ಕೂ ಗಾಯಕ್ಕೂ ತಾಳೆ ಇಲ್ಲ. ಪದೇ ಪದೇ ಸೋಂಕು. ಚೆನ್ನಾಗಿದೆ. ಆದರೆ ಇದನ್ನು ಹಡಪಸರದಲ್ಲಿ ಓಡಿಸಿ ನೋಡಿ. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಸೋಲಾಪುರ ರಸ್ತೆಯಲ್ಲಿ ಬರೋ ಜನ ಪುಣೆ ಹೊಕ್ಕೋದು ಇಲ್ಲಿಂದ. ಕಟ್ಟಡದ ಕೆಲಸಕ್ಕೆ ಬಂದ ಒಂದು ಕುಟುಂಬ ಮಗಳಿಗೆ ಜ್ವರ ಅಂತ ಆಸ್ಪತ್ರೆಗೆ ಹೋದರೆ, ಅವ್ವ ಅಪ್ಪನಿಗೆ ಮರಾಠಿ ಬರಲ್ಲ ಅಂತ ಮಾತಾಡೋನು ಮುಕಾದಮ. ವಿಳಾಸ ಅಂದ್ರೆ ಯಾವುದೋ ಸೈಟಿನ ಪತ್ರಾ ಶೆಡ್. ಆಧಾರ್ ಕಾರ್ಡು ಗುತ್ತಿಗೆದಾರನ ಹತ್ತಿರ. ಪಟ್ಟಿಯ ಅರ್ಧಕ್ಕರ್ಧ ಲಕ್ಷಣ ಕೂಡಿಬಂತು, ಆದರೆ ಆ ಹುಡುಗಿ ಅವಳ ಅವ್ವನ ಮಗಳೇ. ಅದೇ ಹೊತ್ತಿಗೆ ಯಾವುದೋ ಸೊಸೈಟಿಯ ಫ್ಲಾಟಿನಲ್ಲಿ ಮನೆಗೆಲಸಕ್ಕಿಟ್ಟ 12ರ ಹುಡುಗಿ ಕೈ ಸುಟ್ಟುಕೊಂಡು ಬರುತ್ತಾಳೆ. ಜೊತೆಗೆ ಇಂಗ್ಲಿಷ್ ಮಾತಾಡುವ ಮೇಡಂ, ಪಕ್ಕಾ ವಿಳಾಸ, ಒಳ್ಳೇ ಬಟ್ಟೆ, ಕಾರ್ಡಿನಲ್ಲಿ ಬಿಲ್. ಒಂದು ಲಕ್ಷಣವೂ ಕೂಡಲಿಲ್ಲ. ಬಡತನವನ್ನೇ ಅಪರಾಧ ಅಂತ ಗುರುತಿಸುವ ಪಟ್ಟಿ ಕೆಲಸಕ್ಕೆ ಬಾರದು. ಎರಡನ್ನೂ ಬೇರೆ ಮಾಡೋಕೆ ಇರೋದು ಒಂದೇ ದಾರಿ: ಹುಡುಗಿಯನ್ನು ಐದು ನಿಮಿಷ ಬೇರೆ ಕೂರಿಸಿ, ಅವಳ ಭಾಷೆಯಲ್ಲಿ ಮಾತಾಡಿಸೋದು.

ಭಾಷೆಯೇ ಇಲ್ಲಿ ಗಂಟು. ಪುಣೆಯ ವಾರ್ಡಿನಲ್ಲಿ ಕನ್ನಡದ ಹುಡುಗಿಗೆ ದುಭಾಷಿ ಯಾರು? ಅವಳನ್ನು ಕರೆತಂದವರೇ.

ಇದಕ್ಕೆ ಅಂತ ಹೋದ ವರ್ಷ ನಾವು ನಾಲ್ಕೈದು ಜನ ಕನ್ನಡಿಗರು ಕೂತು ಒಂದು ಹಾಳೆ ಮಾಡಿದೆವು. ನಮಗೆ ಪರಿಚಯದ ಕೆಲವು ಸಿಸ್ಟರುಗಳು ಜೇಬಿನಲ್ಲಿ ಇಟ್ಟುಕೊಳ್ಳೋಕೆ. ಕನ್ನಡದ ಹತ್ತು ವಾಕ್ಯ, ದೇವನಾಗರಿ ಲಿಪಿಯಲ್ಲಿ, ಮರಾಠಿ ಓದುವವರು ಹಾಗೇ ಓದಿದರೆ ಸಾಕು. ಮೊದಲ ಕರಡಿನಲ್ಲಿ "ನಿಮ್ಮ ಪೋಷಕರು ಎಲ್ಲಿದ್ದಾರೆ" ಅಂತ ಇತ್ತು. ಸೋಲಾಪುರದ, ಮನೆಯಲ್ಲಿ ಕನ್ನಡ ಮಾತಾಡುವ ಹಿರಿಯ ಸಿಸ್ಟರ್ ಒಬ್ಬರು ಓದಿ ನಕ್ಕರು. "ತಮ್ಮಾ, ಈ ಭಾಷಾ ಕೇಳಿದ್ರ ಹುಡುಗಿ ಟೀಚರ್ ಬಂದ್ರು ಅಂತ ಅಂಜತಾಳ. ಮೊದಲ ಊಟ ಆತೇನವ್ವಾ ಅಂತ ಕೇಳ್ರಿ." ಹಾಗಾಗಿ ಮೊದಲ ಸಾಲು ಅದೇ ಆಯ್ತು. ಎರಡನೇದು, "ನೀರು ಬೇಕೇನು?" ಮೂರನೇದು, "ಹೊರಗ ಕುಂತಾರಲ್ಲ, ಅವರು ನಿನಗ ಏನಾಗಬೇಕು?" ನಾಲ್ಕನೇದು, "ಅವರ ಮುಂದ ಮಾತಾಡೂದು ಬ್ಯಾಡ ಅನಸಿದ್ರ ತಲಿ ಅಲ್ಲಾಡಸು ಸಾಕು."

ಜಗಳ ಆದದ್ದು ಏಳನೇ ಸಾಲಿಗೆ. "ನೀ ಹೇಳಿದ್ದು ನಾ ಯಾರಿಗೂ ಹೇಳಂಗಿಲ್ಲ." ಇದಿಲ್ಲದೆ ಯಾವ ಹುಡುಗಿಯೂ ಬಾಯಿ ಬಿಡೋಲ್ಲ ಅಂತ ಇಬ್ಬರು. 19ನೇ ಕಲಮು ಇರೋವಾಗ ಸಿಸ್ಟರ್ ಈ ಮಾತು ಕೊಟ್ಟರೆ ಅದು ಸುಳ್ಳು, ಇಷ್ಟು ದಿನ ಸುಳ್ಳು ಕೇಳಿ ಕೇಳಿ ಬಂದ ಹುಡುಗಿಗೆ ಇನ್ನೊಂದು ಸುಳ್ಳು ಅಂತ ಗುಂಪಿನಲ್ಲಿದ್ದ ವಕೀಲೆ. ಪೊಲೀಸರು ಬರ್ತಾರೆ ಅಂದ ಕೂಡಲೇ ಓಡಿಹೋದ ಹುಡುಗಿಯರನ್ನು ನೋಡಿದ್ದೇನೆ ಅಂತ ಆ ಹಿರಿಯ ಸಿಸ್ಟರ್. ಎರಡೂ ನಿಜ. ಎರಡು ಭಾನುವಾರ ಹೋದವು ಈ ಒಂದು ಸಾಲಿಗೆ. ಕೊನೆಗೆ ಆ ಸಾಲು ಹೊಡೆದುಹಾಕಿ, ಸಿಸ್ಟರೇ ಹೇಳಿದ ಹಾಗೆ ಬರೆದೆವು: "ಯಾರಿಗೆ ಹೇಳಬೇಕಾಗ್ತದ ಅನ್ನೂದು ಮೊದಲ ನಿನಗ ಹೇಳ್ತೀನಿ. ಅಲ್ಲೀತನಕಾ ನಿನ್ನ ಬಾಜೂಕ ನಾ ಇರ್ತೀನಿ." ಇದು ಸಾಕಾಗುತ್ತೋ ಇಲ್ಲವೋ ಹಾಳೆಯಿಂದ ತೀರ್ಮಾನ ಆಗೋಲ್ಲ, ಸಿಸ್ಟರಿಗೆ ರಾತ್ರಿ ಪಾಳಿಯಲ್ಲಿ ಅಷ್ಟು ಹೊತ್ತು ಬಾಜೂಕ ಕೂರೋಕೆ ಬಿಡ್ತಾರೋ ಇಲ್ಲವೋ ಅದರ ಮೇಲಿದೆ.

ಹಾಳೆಯ ಕೊನೆಯಲ್ಲಿ 1098 ಇದೆ. 1996ರಲ್ಲಿ ಮುಂಬೈನಲ್ಲಿ ಶುರುವಾದ ಮಕ್ಕಳ ಸಹಾಯವಾಣಿ ಅದು, ಈಗ ಸರ್ಕಾರದ ಕೈಲಿದೆ, ಯಾವ ಫೋನಿನಿಂದಲೂ ಉಚಿತ. ಹಾಳೆ ಬೇಕು ಅನ್ನೋ ದಾದಿಯರು, ಡಾಕ್ಟರು, ವಾರ್ಡಿನವರು ವಿಡಿಯೋದ ಕೆಳಗೆ ಬರೆಯಿರಿ, ಕಳಿಸ್ತೀನಿ. ತೆಲುಗು, ಬಂಗಾಳಿ, ನೇಪಾಳಿಯಲ್ಲಿ ಇದೇ ಹತ್ತು ವಾಕ್ಯ ಹೇಳಿಕೊಡೋರು ಇದ್ದರೂ ಬರೆಯಿರಿ. ಮುಂದಿನ ವಾರ 1909ರ ಮೈಸೂರಿನ ಆದೇಶ ಮತ್ತು ನಂಜನಗೂಡಿನ ಕತೆ.